ಕೊನೆಯ ಸಂಚಿಕೆಯ ಚೌಕಾಬಾರ

ಜನವರಿ 12, ಬೆಳಿಗ್ಗೆ

ಹಾಲು ಉಕ್ಕಿತು. ಒಲೆ ಒರೆಸಿದೆ. ಪೌರಕಾರ್ಮಿಕರ ಧರಣಿಯ ಕರಪತ್ರ ಅರ್ಧಕ್ಕೇ ನಿಂತಿದೆ. ಕಾರಣ ಆ ವಾಟ್ಸಾಪ್ ಗ್ರೂಪ್—‘ಕಂಪ್ಯೂಟರ್ ಕಟ್ಟೆ ಗೆಳೆಯರು’.

‘ಕಂಪ್ಯೂಟರ್ ಕಟ್ಟೆ’ ಸುಲ್ತಾನ್ ಬಜಾರಿನ ಪ್ರೆಸ್ಸಿನಿಂದ ಬರುತ್ತಿದ್ದ ಕನ್ನಡ ಮಾಸಿಕ. ತೊಂಬತ್ತೆರಡರಲ್ಲಿ ನಿಂತುಹೋಯಿತು. ಅದರಲ್ಲಿ ಅಚ್ಚಾದ ಪ್ರೋಗ್ರಾಮನ್ನು ಸಾಲುಸಾಲಾಗಿ ಟೈಪ್ ಮಾಡಿದರೆ ಆಟ ಓಡುತ್ತಿತ್ತು. ತಪ್ಪಿದ್ದರೆ ಮುಂದಿನ ತಿಂಗಳು ‘ತಿದ್ದುಪಡಿ’. ಈಗ ಎಲ್ಲರಿಗೂ ಅದರ ಹಂಬಲ. ಉಪ್ಪಲ್‌ನಲ್ಲಿ ಸಮಾವೇಶವಂತೆ. ಎಲ್ಲ ಸಂಚಿಕೆ ಸ್ಕ್ಯಾನ್ ಆಗಿವೆ, ಕೊನೆಯದೊಂದು ಬಿಟ್ಟು. ಯಾರ ಬಳಿಯೂ ಇಲ್ಲವಂತೆ.

ನನ್ನ ಟ್ರಂಕಿನಲ್ಲಿದೆ. ಕೊಡುವುದಿಲ್ಲ.

ಅದರ ಮುಖಪುಟದಲ್ಲಿ, ಚೌಕಾಬಾರದ ಆಟ ಬರೆದ ಗೋದಾವರಿಯ ಫೋಟೋ.

ಜನವರಿ 14

ಗ್ರೂಪಿನಲ್ಲಿ ಗೋದಾವರಿಯ ವಾಯ್ಸ್ ಮೆಸೇಜ್: “ಶಿವದೇವಕ್ಕಾರ, ನಿಮ್ಮ ಹಳೇ ಸಾಮಾನಿನ್ಯಾಗ ಒಂದ್ಸಲ ನೋಡ್ರಿ. ನಮ್ಮಪ್ಪ ಇದ್ದ ಒಂದ ಪ್ರತೀನ ಕಂಡಕಂಡವರಿಗೆ ತೋರಿಸಿ ಕಳದಬಿಟ್ಟ. ನಾ ಆಟ ಬರದಿದ್ದೆ ಅಂದ್ರ ನನ್ನ ಮಗಳು ನಂಬವಲ್ಲಳು.”

“ಗೆದ್ದಲು ತಿಂದಾವವ್ವ” ಎಂದು ಅಲ್ಲೇ ಹಾಕಿದೆ.

ಸುಳ್ಳು. ನಾಚಿಕೆಯೂ ಆಗಲಿಲ್ಲ. ಅವಳಪ್ಪ ಬ್ಯಾಂಕ್ ಮ್ಯಾನೇಜರ್, ಮನೆಯಲ್ಲೇ ಕಂಪ್ಯೂಟರ್. ನಾನು ಕೋಠಿಯ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನ ನೆಲ ಒರೆಸಿ, ಭಾನುವಾರ ಒಂದು ತಾಸು ಕೀಬೋರ್ಡ್ ಮುಟ್ಟುತ್ತಿದ್ದೆ. ಬೀಡಿ ಕಟ್ಟುವ ಹೆಂಗಸರ ಕೂಲಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆದು ಕಳಿಸಿದೆ. ಸಂಪಾದಕನ ಉತ್ತರ: ‘ಓದುಗರಿಗೆ ಆಟ ಬೇಕು.’ ಆಟವಂತೆ! ಅವಳ ಚೌಕಾಬಾರ ಮುಖಪುಟಕ್ಕೇರಿತು. ಇಷ್ಟು ವರ್ಷ ಬೀದಿಯಲ್ಲಿ ಸಮಾನತೆಯ ಭಾಷಣ ಮಾಡಿದ್ದೇನೆ. ಆ ಫೋಟೋ ಕಂಡರೆ ಈಗಲೂ ಹೊಟ್ಟೆಯಲ್ಲಿ ಬೆಂಕಿ.

ಜನವರಿ 19

ಧರಣಿಗೆ ಹೋಗಲಿಲ್ಲ—ಇದೇ ಮೊದಲು. ಲ್ಯಾಪ್‌ಟಾಪಿಗೆ ಹಳೆಯ ಬೇಸಿಕ್ ಪ್ರೋಗ್ರಾಮಿಂಗ್ ಭಾಷೆ ಇಳಿಸಿಕೊಂಡು ಅವಳ ಆಟ ಟೈಪ್ ಮಾಡಿದೆ. ಓಡದಿರಲಿ ಎಂದು.

ಸರಿಯಾಗಿ ಓಡಲಿಲ್ಲ! ಎದುರಾಳಿಯ ಕಾಯಿ ಕಡಿದವರಿಗೇ ಒಳಮನೆ, ಅದು ಚೌಕಾಬಾರದ ನಿಯಮ. ಇಲ್ಲಿ ಕಡಿದರೂ ದಾರಿ ಬಿಡುವುದಿಲ್ಲ. ಕಾಯಿ ಹೊರಗೇ ಸುತ್ತುತ್ತದೆ. ಮತ್ತೆ ತಾಳೆ ನೋಡಿದೆ. ನನ್ನ ಟೈಪಿಂಗ್ ತಪ್ಪಲ್ಲ, ಅಚ್ಚಾಗಿದ್ದೇ ಹಾಗೆ.

ಗ್ರೂಪಿಗೆ ಹಾಕಿದೆ: “ಮುಖಪುಟದ ಮಹಾರಾಣಿಯ ಆಟದಾಗ ಕಾಯಿ ಒಳಗ ಹೋಗೂದ ಇಲ್ಲ. ಸಾಲು 240 ನೋಡ್ರಿ.”

ಕಳಿಸಿದ ಮೇಲೆ ಹೊಳೆಯಿತು. ಆ ಸಾಲನ್ನು ನಾನು ಎಲ್ಲಿ ನೋಡಿದೆ? ಗೆದ್ದಲಿನ ಹೊಟ್ಟೆಯಲ್ಲೇ?

ಅದೇ ದಿನ, ಸಂಜೆ

ಗ್ರೂಪ್ ಅಡ್ಮಿನ್ ರಾಮದಾಸ: “ಅಕ್ಕಾರ, ನಿಮ್ಮ ಮನಿ ಗೆದ್ದಲು ಭಾಳ ಓದ್ಯಾವ ಬಿಡ್ರಿ!” ಕೆಳಗೆ ನಗುವ ಮುಖಗಳ ಸಾಲು.

ಗೋದಾವರಿ ನಗಲಿಲ್ಲ. ಫೋನ್ ಮಾಡಿದಳು. ಗೆದ್ದಲಿನ ಮಾತೇ ಎತ್ತಲಿಲ್ಲ, ಪಾಪಿ.

“ಆ ತಪ್ಪು ನನಗ ಗೊತ್ತಿತ್ರಿ ಅಕ್ಕಾ. ತಿದ್ದುಪಡಿ ಕಳಿಸಿದ್ದೆ. ಮುಂದಿನ ಸಂಚಿಕೀನ ಬರಲಿಲ್ಲ. ಈಗ ಆ ಸಾಲು ನನಗೂ ನೆನಪಿಲ್ಲ. ಆ ಆಟ ಯಾರೂ ಗೆದ್ದಿಲ್ರಿ... ನಾಳೆ ಮಗಳನ್ನ ಕರಕೊಂಡು ಬರ್ಲೇನ್ರಿ? ಮುಖಪುಟ ಒಂದ್ಸಲ ನೋಡ್ಲಿ.”

“ಬಾ” ಎಂದೆ. ಬಾಯಿಂದ ಬಂದುಬಿಟ್ಟಿತು.

ಜನವರಿ 20, ಮಧ್ಯಾಹ್ನ

ಸಿಕ್ಕಿತು. 240ರ ನಂತರ ಬಿಟ್ಟುಹೋಗಿದ್ದ ಒಂದೇ ಸಾಲು—245. ಕಾಯಿ ಕಡಿದದ್ದನ್ನು ನೆನಪಿಟ್ಟುಕೊಳ್ಳುವ ಸಾಲು. ಅದನ್ನು ಸೇರಿಸಿದ ಕೂಡಲೇ ಕಾಯಿ ಒಳಗೆ ತಿರುಗಿತು, ನಡುಮನೆ ಮುಟ್ಟಿತು. ಆಟ ಚೆನ್ನಾಗಿದೆ. ಹಾಳಾಗಲಿ, ಬಹಳ ಚೆನ್ನಾಗಿದೆ. ಪಿಯುಸಿ ಹುಡುಗಿ ಬರೆದದ್ದು!

ಕೊಟ್ಟರೆ ಮಗಳೆದುರು ಗೆಲ್ಲುವವಳು ಅವಳೇ. ಅಳಿಸಿದರೆ ಯಾರಿಗೂ ತಿಳಿಯದು. ಅಥವಾ ಸಾಲಿನ ಪಕ್ಕ ಹಾಕಲೇ—‘ತಿದ್ದುಪಡಿ: ಶಿವದೇವಿ’? ಕಟ್ಟೆಯಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ...

ಬೆಲ್. ಬಾಗಿಲಾಚೆ ಹುಡುಗಿಯ ದನಿ: “ಅಮ್ಮಾ, ಸಚ್ಚೀ? ಖರೇನ ನೀನ ಬರದಿದ್ದೇನು?”

“ಬಂದೆ” ಎಂದು ಕೂಗಿದೆ. ಸಾಲು ಅಳಿಸಲಿಲ್ಲ. ಹೆಸರು ಹಾಕಿದೆ. ತೆಗೆದೆ. ಮತ್ತೆ—