ಎರಡು ತಿಂಗಳ ಗುಳಿಗೆ

ಮಾಬೂಬಿ,

ನೀನು ತೀರಿಕೊಂಡ ಮೇಲೆ ಯರಗುಪ್ಪಿ ಶಾಲೆಗೆ ಸೂಕ್ಷ್ಮದರ್ಶಕ ಬಂದಿದೆ. ಇಂದು ಊರ್ಮಿಳಾ ಟೀಚರ್ ಬಿಸಿಯೂಟದ ಅಡುಗೆಮನೆಯಿಂದ ನನ್ನನ್ನೂ ಕರೆದು, ನಾನೇ ಹೆಪ್ಪು ಹಾಕಿದ್ದ ಮೊಸರಿನ ಹನಿಯನ್ನು ತೋರಿಸಿದರು. ಸಣ್ಣ ಕಡ್ಡಿಯಂಥ ಜೀವಗಳು, ಎಣಿಸಲಾಗದಷ್ಟು!

"ಒಂದ್ ಚಮಚ ಉಳದ್ರ ಸಾಕ್ರಿ ಅಕ್ಕಾರ, ಬೆಳಗಾಗೂದ್ರಾಗ ಗಡಿಗಿ ತುಂಬ ಆಗ್ತಾವ. ಟಿಬಿ ರೋಗಾಣುನೂ ಹಂಗ. ಅದಕ್ಕ ಆರ್ ತಿಂಗಳು ಗುಳಿಗಿ ನುಂಗಬೇಕು."

ನಾನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದೆ.

"ನಮ್ಮ ತಂಗಿಗೆ ಕೆಮ್ಮು ನಿಂತಿತ್ರಿ. ಗುಳಿಗಿ ನುಂಗಿದ್ರ ವಾಂತಿ ಆಗ್ತಿತ್ತು. ಎರಡ್ ತಿಂಗಳಕ್ಕ ಬಿಟ್ಲು."

"ಅಯ್ಯ, ಉಳದಾವು ಮತ್ತ ಬೆಳದಿರ್ತಾವ. ಸಾಕಂತ ಹೇಳಿದವ್ರು ಯಾರ್ರಿ?"

ಮಕ್ಕಳೆಲ್ಲ ನನ್ನತ್ತ ತಿರುಗಿದರು. ಅಂದು ‘ಸಾಕು ಬಿಡು’ ಎಂದು ಗುಳಿಗೆ ಡಬ್ಬಿಯನ್ನು ನಿನ್ನ ಕೈಯಿಂದ ಕಸಿದು ಕಪಾಟಿನಲ್ಲಿಟ್ಟವಳು ನಾನು.

"ಆಕೀನ ತಾನಾಗಿ ಬಿಟ್ಲ್ರಿ, ಅಗದಿ ಹಠಮಾರಿ" ಅಂದುಬಿಟ್ಟೆ, ಮಾಬೂಬಿ.