ಬಾಣಂತಿ ಕೋಣೆಯ ಸಿಗ್ನಲ್ಲು

ಶಲವಡಿ,
ಶನಿವಾರ, ೭ ಡಿಸೆಂಬರ್ ೨೦೨೪

ಪ್ರೀತಿಯ ಹೇಮಂತ ಅವರಿಗೆ,

ಮಧ್ಯಾಹ್ನ ಮೂರು ಗಂಟೆಗೆ ಗೋಡೆ ಕೊರೆಯುವ ಸದ್ದಿಗೆ ಎಚ್ಚರವಾಯಿತು. ಆಗಷ್ಟೇ ಕಣ್ಣು ಹತ್ತಿತ್ತು. ಎದ್ದವಳೇ ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದೆ. ಉಸಿರಾಡುತ್ತಿದ್ದಳು. ಎದುರಿನ ದೀಪದ ಗೂಡಿನಿಂದ ಮಣ್ಣು ಉದುರುತ್ತಿತ್ತು.

ಕೊರೆಯುತ್ತಿದ್ದವನು ನಮಗೆ ವೈಫೈ ಹಾಕಿಕೊಟ್ಟ ಮಾಬುಸಾಬ. ಈ ಬಾಣಂತಿ ಕೋಣೆಗೆ ಸಿಗ್ನಲ್ಲು ಯಾಕೆ ಬರುವುದಿಲ್ಲ ನೋಡು ಎಂದು ಅಪ್ಪ ಕರೆಸಿದ್ದ. ವೈಫೈ ಡಬ್ಬಿ ಇರುವುದು ಪಡಸಾಲೆಯಲ್ಲಿ. ನಡುವೆ ಮೊಳ ದಪ್ಪದ ಮಣ್ಣಿನ ಗೋಡೆ, ಗೋಡೆಗೆ ಹೊಂದಿಸಿ ಅವ್ವನ ಹಂಡೆ, ಕೊಡಗಳ ಸಾಲು. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಮಿಣುಕುವ ಆ ಹಸಿರು ದೀಪದ ದೃಷ್ಟಿ ಕೂಸಿಗೆ ತಾಗೀತೆಂದು ಗೌರಕ್ಕಜ್ಜಿ ಡಬ್ಬಿಯ ಮೇಲೆ ಹಿತ್ತಾಳೆ ಬೋಗುಣಿ ಬೋರಲು ಹಾಕಿಟ್ಟಿದ್ದಳು!

“ಇದೇನ ಕೋಳಿ ಏನ್ರಿ ಅಜ್ಜಿ, ಮುಚ್ಚಿ ಇಡಾಕ?” ಎಂದ ಮಾಬುಸಾಬ.

“ಲಿಂಗವಂತರ ಮನ್ಯಾಗ ಕೋಳಿ ಹೆಸರ ಎತ್ತಬ್ಯಾಡೋ. ಸುಮ್ನ ಚಾ ಕುಡಿ,” ಎಂದಳು ಅಜ್ಜಿ.

ಬಾಣಂತಿ ಕೋಣೆಗೆ ಗಂಡಸರು ಕಾಲಿಡಬಾರದೆಂದು ಅವನನ್ನೂ ಒಳಗೆ ಬಿಡಲಿಲ್ಲ. ಪಡಸಾಲೆಯಿಂದಲೇ ತೂತು ಹೊಡೆದು, ವಾಯರ್ ತೂರಿಸಿ, “ಯಕ್ಕಾ, ಹಳದಿ ತೂತಿನ್ಯಾಗ ಚುಚ್ಚರಿ!” ಎಂದು ಕೂಗಿದ. ಅವ್ವನ ಕೈಯಲ್ಲಿ ಕಳಿಸಿದ ಇನ್ನೊಂದು ಪುಟ್ಟ ಡಬ್ಬಿಗೆ ನಾನೇ ಚುಚ್ಚಿ ಗೂಡಿನಲ್ಲಿಟ್ಟೆ. ಈಗ ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿವೆ.

ಹೋದ ಭಾನುವಾರ ನೀವು ಬಂದು ಅವಲಕ್ಕಿ ತಿಂದು, ಅವ್ವ ಹೊರಗೆ ತಂದ ಮಗಳನ್ನು ಎತ್ತಿಕೊಂಡು ಕೂತಿರಿ. ನಡುವೆ ಇದೇ ಗೋಡೆ. ನಿಮ್ಮ ಕೆಮ್ಮು ಕೇಳಿತು, ನೀವು ಕಾಣಲಿಲ್ಲ. ಸಂಜೆ ಫೋನಿನಲ್ಲಿ ನಿಮ್ಮ ಮುಖ ಕಂಡಿತು, ನೀವು “ಕೇಳಸ್ತೈತೇನ?” ಅನ್ನುವುದರೊಳಗೆ ಕಟ್ಟಾಯಿತು. ಪಾಪ, ಆ ಸಿಗ್ನಲ್ಲನ್ನು ನೀವು ಎಷ್ಟು ಬೈದಿರಬೇಕು!

ನಾಳೆ ಮಗಳನ್ನು ತೊಟ್ಟಿಲಿಗೆ ಹಾಕುವುದು. ಅತ್ತೆಯನ್ನು ಕರೆತರಲು ಅಪ್ಪ ಸಂಜೆಯ ಬಸ್ಸಿಗೆ ನಿಮ್ಮಲ್ಲಿಗೆ, ಕುಬಿಹಾಳಕ್ಕೆ ಹೊರಟಿದ್ದಾನೆ. ಬಾಣಂತನಕ್ಕೆಂದು ನನಗೆ ಮಾಡಿದ ಅಂಟಿನುಂಡೆ ನನಗೇ ಸೇರುತ್ತಿಲ್ಲ, ಅಪ್ಪನ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತಿದ್ದೇನೆ, ನೀವಾದರೂ ತಿನ್ನಿರಿ. ಬೇರೆ ಯಾರ ಕಣ್ಣಿಗೂ ಬೀಳದಿರಲೆಂದು ಈ ಪತ್ರವನ್ನು ಉಂಡೆಗಳ ತಳದಲ್ಲಿ ಇಡುತ್ತಿದ್ದೇನೆ. ಇಲ್ಲಿ ಎಲ್ಲರೂ ಆರಾಮ.

ನಿಮ್ಮ
ಶಾಂಭವಿ

ತಾ.ಕ.: ಆರಾಮ ಎಂದು ಬರೆದದ್ದು ಸುಳ್ಳು. ಭಾನುವಾರ ಫೋನು ತಾನಾಗಿ ಕಟ್ಟಾಗಲಿಲ್ಲ, ನಾನೇ ಕಟ್ ಮಾಡಿದೆ. ಅದಕ್ಕೆ ಮುಂಚೆಯೂ ಮೂರು ಸಲ. ಯಾಕೆಂದು ತಿಳಿಯದೆ ದಿನವಿಡೀ ಅಳು ಬರುತ್ತದೆ. ಕಣ್ಣು ಮುಚ್ಚಿದರೆ ಕೂಸಿನ ಉಸಿರು ನಿಂತೀತೆಂದು ಇಪ್ಪತ್ತು ದಿನದಿಂದ ಕಾವಲು ಕೂತಿದ್ದೇನೆ. ಈ ಮುಖ ನಿಮಗೆ ತೋರಿಸಲು ನಾಚಿಕೆಯಾಯಿತು, ಸಿಗ್ನಲ್ಲು ನೆಪವಾಯಿತು. ಈಗ ಆ ನೆಪವೂ ಇಲ್ಲ. ನಾನಾಗಿ ಫೋನ್ ಮಾಡಿದರೆ ಮತ್ತೆ “ಆರಾಮ ಅದೀನ್ರಿ” ಅಂದುಬಿಡುತ್ತೇನೆ, ಅದಕ್ಕೇ ಬರೆದೆ. ನಾಳೆ ಮನೆ ತುಂಬ ಹೆಂಗಸರು, ಎಲ್ಲರೆದುರು ನಗಬೇಕು. ಅದಕ್ಕೂ ಮೊದಲು ನೀವೊಬ್ಬರು ನನ್ನನ್ನು ಹೀಗೇ ನೋಡಬೇಕು. ಎಷ್ಟು ಹೊತ್ತಾದರೂ ಸರಿ, ಎಚ್ಚರವೇ ಇರುತ್ತೇನೆ, ಕಟ್ ಮಾಡುವುದಿಲ್ಲ. ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡಿರಿ.