ಗಾದಿಲಿಂಗನೆಂದು ಕರೆದ ಹೆಣ್ಣುಕೂಸು

ಕಡ್ಡಿರಾಂಪುರ
ತಾ. 19-4-2023

ಚಿ. ಸೌ. ಹೇಮಾವತಿಗೆ ನಿನ್ನ ಅತ್ತೆಯ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಕೂಸನ್ನು ಎತ್ತಿಕೊಂಡು ಚಿತ್ತವಾಡ್ಗಿಯ ತವರಿಗೆ ಹೋಗಿ ತಿಂಗಳಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ. ಬರೆಯಲು ತಡಮಾಡಿದೆ, ಬೈದುಕೋ. ಅಕ್ಷರ ಸೊಟ್ಟಗಿದ್ದರೆ ಮಾತ್ರ ನಗಬೇಡ.

ನಿನ್ನನ್ನು ನೋಡಲು ಬಂದಿದ್ದ ನಿನ್ನ ಗಂಡ ಮಾರೇಶ ಮನೆಗೆ ಬಂದವನೇ, "ಯವ್ವಾ, ಹೇಮಾ ಕೂಸಿನ ಮೂಗುತಿ ಬಿಚ್ಚಸ್ತಾಳಂತ. ಲಂಗ ಬ್ಯಾಡ, ಚಡ್ಡಿ ಹಾಕ್ತೀನಿ ಅಂತಾಳ" ಎಂದ.

ಬಿಚ್ಚಿಸಬೇಡವೇ ತಾಯಿ! ನಿನ್ನ ಮೊದಲ ಎರಡು ಗಂಡು ಕೂಸುಗಳು ತಿಂಗಳು ತುಂಬುವ ಮೊದಲೇ ಹೋದವು. ನರ್ಸಮ್ಮನೂ ಹೇಳಿದ್ದಳಲ್ಲ, "ಗಂಡುಕೂಸು ಭಾಳ ನಾಜೂಕ್ರಿ, ಹೆಣ್ಣು ಗಟ್ಟಿ" ಎಂದು. ಅದಕ್ಕೇ ಅವಳಿ ಹುಟ್ಟಿದಾಗ, ಸಾವಿನ ಕಣ್ಣಿಗೆ ಮಣ್ಣೆರಚಲು, ಹಿರಿಯರ ಪದ್ಧತಿಯಂತೆ ಗಂಡಿಗೆ ಮೂಗು ಚುಚ್ಚಿಸಿ, ಲಂಗ ತೊಡಿಸಿ, ಹುಲಿಗೆಮ್ಮ ಎಂದು ಕರೆದೆವು. ಅಷ್ಟಕ್ಕೆ ಸುಮ್ಮನಿರದೆ ನಾನು ಹೆಣ್ಣಿಗೆ ಅಂಗಿ ಚಡ್ಡಿ ಹಾಕಿ ಗಾದಿಲಿಂಗ ಎಂದೆ. ಎದುರುಮನೆಯ ಸುವರ್ಣಮ್ಮ ಆಗಲೇ ಅಂದಿದ್ದಳು: "ಬಸಕ್ಕಾ, ಗಂಡಿನ ಹೆಸರು ಹೆಣ್ಣಿಗ್ಯಾಕ? ಹುಡುಕ್ಕೊಂಡು ಬಂದದ್ದು ಖಾಲಿ ಕೈಲೆ ಹೋಗಂಗಿಲ್ಲ." ಬಾಯಿ ಮುಚ್ಚು ಎಂದು ಗದರಿಸಿದೆ.

ಏಳು ತಿಂಗಳು ಎರಡೂ ಚೆನ್ನಾಗಿಯೇ ಇದ್ದವು. ಆ ದಿನ ನೀನು ಹೋಮ್‌ಸ್ಟೇ ಅಡುಗೆ ಕೆಲಸಕ್ಕೆ ಹೋಗಿದ್ದೆ. ಗಂಡಿಗೆ ಜ್ವರ ಬಂತೆಂದು ಆಟೋ ಹತ್ತಿ ಹೊಸಪೇಟೆ ಆಸ್ಪತ್ರೆಗೆ ಓಡಿದೆ. ಹೆಣ್ಣನ್ನು ಸುವರ್ಣಮ್ಮನ ಬಳಿ ಬಿಟ್ಟೆ. ಅದರ ಮೈ ತಣ್ಣಗಿತ್ತು ಎಂದು ನಿನಗೆ ಹೇಳಿದ್ದೆನಲ್ಲ. ಮರಳಿ ಬರುವಷ್ಟರಲ್ಲಿ ಅದೇ ಹೋಗಿತ್ತು. ಸಾವು ಹೆಸರು ಕೇಳಿಕೊಂಡು ಬಂದು ಗಾದಿಲಿಂಗನನ್ನು ಒಯ್ದಿತ್ತು.

ಈಗ ಮಟಮಟ ಮಧ್ಯಾಹ್ನ ಬಾಗಿಲಲ್ಲಿ ಯಾರೋ "ಗಾದಿಲಿಂಗಾ" ಎಂದು ಕರೆಯುತ್ತಾರೆ. ಹೋಗಿ ನೋಡಿದರೆ ಹಂಪಿ ಕಡೆಗೆ ಓಡುವ ಆಟೋಗಳು ಬಿಟ್ಟರೆ ಯಾರೂ ಇರುವುದಿಲ್ಲ. ಮೊನ್ನೆ ಸುವರ್ಣಮ್ಮನಿಗೂ ಕೇಳಿಸಿತು. "ಮೋಸ ಗೊತ್ತಾಗೇತಿ ಅದಕ್ಕ. ಗಂಡು ಹುಡುಕಾಕ ಬಂದೈತಿ" ಎಂದು ಬಾಗಿಲು ಹಾಕಿಕೊಂಡಳು. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದ್ದೇನೆ. ಆದರೂ ಜಂತೆಗೆ ಕಟ್ಟಿದ ಹಗ್ಗ ಭಾರ ಹೊತ್ತ ಹಾಗೆ ಬಿಗಿದು ತೂಗುತ್ತದೆ. ಮಾರೇಶ ಗಾಳಿ ಎನ್ನುತ್ತಾನೆ. ಎಲ್ಲಿಯ ಗಾಳಿ, ಈ ಸೆಕೆಯಲ್ಲಿ ಎಲೆ ಅಲ್ಲಾಡುತ್ತಿಲ್ಲ!

ಐದು ವರ್ಷ ತುಂಬುವವರೆಗೆ ಮೂಗುತಿ ಇರಲಿ. ಅವನ ನಿಜ ಹೆಸರನ್ನು ಹೊಸಿಲಾಚೆ ಎತ್ತಬೇಡ. ತಾಯಿ ಹುಲಿಗೆಮ್ಮ ನಿನ್ನ ಮಡಿಲು ಕಾಯಲಿ.

ಇಂತಿ ನಿನ್ನ ಅತ್ತೆ
ಬಸಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಒಡೆದೆ. ಹೇಮಾ, ಆ ದಿನ ಹೆಣ್ಣಿನ ಮೈ ತಣ್ಣಗಿರಲಿಲ್ಲ. ಎರಡೂ ಸುಡುತ್ತಿದ್ದವು. ಸುವರ್ಣಮ್ಮ, "ಇದಕ್ಕೂ ಜ್ವರ ಐತಲ್ಲ ಬಸಕ್ಕಾ, ಎರಡೂ ಕರ್ಕೊಂಡು ಹೋಗು" ಎಂದಳು. ಹೆಣ್ಣು ಗಟ್ಟಿ, ತಡೀತೈತಿ ಎಂದೆ. ಆಮೇಲೆ ಯಾರಿಗೂ ಹೇಳಬೇಡವೆಂದು ಅವಳಿಂದ ಆಣೆ ಹಾಕಿಸಿಕೊಂಡೆ. ಕೂಸು ನನ್ನ ಸೆರಗು ಹಿಡಿದುಕೊಂಡಿತ್ತು. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿ ಆಟೋ ಹತ್ತಿದೆ.